ರೈನ್ ದಂಡೆಯಿಂದ ಹೊರಟ ಶಾಂತಿ: ಐರೋಪ್ಯ ಒಕ್ಕೂಟದ ಹಾದಿಯಲ್ಲಿ

ಸ್ಟ್ರಾಸ್‌ಬರ್ಗ್

ನೆರೆಹೊರೆಯ ದೇಶಗಳು ಸೇರಿ ಕಟ್ಟಿಕೊಂಡ ರಾಜಕೀಯ ಒಕ್ಕೂಟವೊಂದು ತನ್ನ ಗಡಿಯಾಚೆ ಶಾಂತಿ ನೆಲೆಗೊಳಿಸಲು ಹೊರಟಾಗ, ತನ್ನೊಳಗಿನ ಜಗಳವನ್ನು ಬಗೆಹರಿಸಿಕೊಂಡ ಅನುಭವವನ್ನೇ ಜೊತೆಗೆ ಒಯ್ಯುತ್ತದೆ. ಐರೋಪ್ಯ ಒಕ್ಕೂಟದ ಅನುಭವವನ್ನು ಹತ್ತಿರದಿಂದ ನೋಡಬೇಕೆಂದರೆ ಫ್ರಾನ್ಸಿನ ಪೂರ್ವದ ಅಂಚಿನಲ್ಲಿರುವ ಸ್ಟ್ರಾಸ್‌ಬರ್ಗ್ ನಗರಕ್ಕೆ ಹೋಗಬೇಕು. ಈ ಊರು 1871ರಲ್ಲಿ ಜರ್ಮನಿಗೆ ಸೇರಿತು. ಮೊದಲ ಮಹಾಯುದ್ಧದ ಕೊನೆಗೆ ಫ್ರಾನ್ಸಿಗೆ ಬಂತು. 1940ರಲ್ಲಿ ಮತ್ತೆ ಜರ್ಮನಿಯ ವಶವಾಯಿತು. 1944ರ ನವೆಂಬರ್‌ನಲ್ಲಿ ಪುನಃ ಫ್ರಾನ್ಸಿನ ಕೈಸೇರಿತು. ಊರು ಇದ್ದಲ್ಲೇ ಇತ್ತು, ದೇಶ ಮಾತ್ರ ಮುಕ್ಕಾಲು ಶತಮಾನದೊಳಗೆ ನಾಲ್ಕು ಸಲ ಬದಲಾಯಿತು.

ಊರಿನ ನಡುವೆ, ಪ್ಲಾಸ್ ದ ಲಾ ರಿಪಬ್ಲಿಕ್ ಎಂಬ ಚೌಕದಲ್ಲಿ 1936ರಲ್ಲಿ ನಿಲ್ಲಿಸಿದ ಯುದ್ಧಸ್ಮಾರಕವಿದೆ. ತಾಯಿಯೊಬ್ಬಳು ಸಾಯುತ್ತಿರುವ ಇಬ್ಬರು ಗಂಡುಮಕ್ಕಳನ್ನು ಹಿಡಿದು ಕೂತಿದ್ದಾಳೆ. ಒಬ್ಬ ಫ್ರಾನ್ಸಿನ ಪರ ಕಾದಾಡಿದವನು, ಇನ್ನೊಬ್ಬ ಜರ್ಮನಿಯ ಪರ. ಯಾರು ಯಾವ ಸೈನ್ಯದವರೆಂದು ತಿಳಿಯದಂತೆ ಶಿಲ್ಪಿ ಇಬ್ಬರನ್ನೂ ಬೆತ್ತಲೆಯಾಗಿ ಕೆತ್ತಿದ್ದಾನೆ. ಸಾಯುವ ಹೊತ್ತಿನಲ್ಲಿ ಇಬ್ಬರ ಕೈಗಳೂ ಒಂದನ್ನೊಂದು ಹಿಡಿದಿವೆ. ಫ್ರಾನ್ಸಿನ ಬೇರೆ ಹೆಚ್ಚಿನ ಊರುಗಳ ಸ್ಮಾರಕಗಳಲ್ಲಿ ಫ್ರಾನ್ಸಿಗಾಗಿ ಮಡಿದವರು ಎಂಬ ಬರಹ ಕಾಣಸಿಗುತ್ತದೆ. ಇಲ್ಲಿ ಮಡಿದವರನ್ನು ನೆನೆದಿದ್ದಾರೆ, ದೇಶದ ಹೆಸರನ್ನು ಕೈಬಿಟ್ಟಿದ್ದಾರೆ. ಎರಡು ದೇಶಗಳ ನಡುವೆ ಸಿಕ್ಕಿಕೊಂಡ ನೆಲದ ದುಃಖವನ್ನು ಇಷ್ಟು ನೇರವಾಗಿ ಹೇಳಿದ ಸ್ಮಾರಕಗಳು ಯುರೋಪಿನಲ್ಲಿ ವಿರಳ.

ಇಂಥದೇ ಗಡಿಸೀಮೆಯ ಬದುಕು ರೋಬೇರ್ ಷೂಮನ್ ಅವರದು. ಹುಟ್ಟಿದ್ದು ಲಕ್ಸೆಂಬರ್ಗ್‌ನಲ್ಲಿ, ಬೆಳೆದದ್ದು ಜರ್ಮನಿಯ ಪ್ರಜೆಯಾಗಿ; ಮೊದಲ ಮಹಾಯುದ್ಧದ ನಂತರ ಫ್ರಾನ್ಸಿನ ಪ್ರಜೆಯಾಗಿ, ಮುಂದೆ ಆ ದೇಶದ ವಿದೇಶಾಂಗ ಸಚಿವರಾದರು. 1950ರ ಮೇ 9ರಂದು ಪ್ಯಾರಿಸ್‌ನಲ್ಲಿ ಅವರು ಮುಂದಿಟ್ಟ ಪ್ರಸ್ತಾವಕ್ಕೆ ರೂಪ ಕೊಟ್ಟವರು ಜಾನ್ ಮೊನೆ. ಫ್ರಾನ್ಸ್ ಮತ್ತು ಜರ್ಮನಿಯ ಕಲ್ಲಿದ್ದಲು, ಉಕ್ಕಿನ ಉತ್ಪಾದನೆಯನ್ನು ಇಬ್ಬರಿಗೂ ಮೇಲಾದ ಒಂದೇ ಪ್ರಾಧಿಕಾರದ ಕೈಗೊಪ್ಪಿಸಬೇಕು ಎಂಬುದು ಅದರ ತಿರುಳು. ಫಿರಂಗಿ ಮಾಡುವುದೂ ಅದೇ ಉಕ್ಕಿನಿಂದ, ಕುಲುಮೆ ಉರಿಯುವುದೂ ಅದೇ ಕಲ್ಲಿದ್ದಲಿನಿಂದ. ಅವೆರಡೂ ಜಂಟಿ ಲೆಕ್ಕಕ್ಕೆ ಬಂದರೆ ಒಬ್ಬರು ಇನ್ನೊಬ್ಬರಿಗೆ ತಿಳಿಯದಂತೆ ಯುದ್ಧಕ್ಕೆ ಸಿದ್ಧರಾಗುವುದೇ ಅಸಾಧ್ಯ. 1951ರ ಪ್ಯಾರಿಸ್ ಒಡಂಬಡಿಕೆಗೆ ಫ್ರಾನ್ಸ್, ಪಶ್ಚಿಮ ಜರ್ಮನಿ, ಇಟಲಿ, ಬೆಲ್ಜಿಯಂ, ನೆದರ್ಲೆಂಡ್ಸ್, ಲಕ್ಸೆಂಬರ್ಗ್ ಸಹಿ ಹಾಕಿದವು. ಸ್ನೇಹದ ಮಾತಿಗೆ ಕಾಯದೆ ಹಿತಾಸಕ್ತಿಗಳನ್ನು ಒಂದಕ್ಕೊಂದು ಹೆಣೆಯುವುದು, ಆ ಹೆಣಿಗೆಗೆ ಕಾನೂನಿನ ಕಾವಲಿಡುವುದು, ಪ್ರತಿದಿನದ ಸಣ್ಣ ವ್ಯವಹಾರಗಳಿಂದ ನಂಬಿಕೆ ಬೆಳೆಯಲು ಬಿಡುವುದು: ಒಕ್ಕೂಟ ಮುಂದೆ ಹೊರದೇಶಗಳಿಗೆ ಒಯ್ದ ವಿಧಾನ ಇದೇ.

ಇಂದು ಸ್ಟ್ರಾಸ್‌ಬರ್ಗ್‌ನ ಡಿ ಮಾರ್ಗದ ಟ್ರಾಮ್ ರೈನ್ ನದಿ ದಾಟಿ ಜರ್ಮನಿಯ ಕೇಲ್ ಪಟ್ಟಣಕ್ಕೆ ಹೋಗುತ್ತದೆ. ಈ ಸಂಪರ್ಕ ಶುರುವಾದದ್ದು 2017ರಲ್ಲಿ. ಪಾದಚಾರಿಗಳಿಗೆ 2004ರಲ್ಲಿ ಕಟ್ಟಿದ ಬೇರೆಯೇ ಸೇತುವೆಯಿದೆ. ಕೇಲ್‌ನಲ್ಲಿ ಸಾಮಾನು ಕೊಂಡು ಸಂಜೆಗೆ ಮನೆಗೆ ಮರಳುವ ಫ್ರೆಂಚರಿಗೆ ಗಡಿ ದಾಟಿದ್ದು ಗಮನಕ್ಕೂ ಬರುವುದಿಲ್ಲ. 1979ರಲ್ಲಿ ಐರೋಪ್ಯ ಸಂಸತ್ತಿನ ಸದಸ್ಯರಾಗಿ ಇಲ್ಲಿಗೆ ಬಂದ ಉತ್ತರ ಐರ್ಲೆಂಡಿನ ಜಾನ್ ಹ್ಯೂಮ್ ಕೇಲ್‌ಗೆ ಹೋಗುವ ಸೇತುವೆಯ ಮಧ್ಯದಲ್ಲಿ ನಿಂತು ಯೋಚಿಸಿದ್ದನ್ನು ಮುಂದೆ ತಮ್ಮ ನೊಬೆಲ್ ಉಪನ್ಯಾಸದಲ್ಲಿ ನೆನೆದರು. ಎರಡನೇ ಮಹಾಯುದ್ಧ ಮುಗಿದು ಮೂವತ್ತನಾಲ್ಕೇ ವರ್ಷ ಕಳೆದಿದ್ದ ಹೊತ್ತಿನಲ್ಲಿ ಆ ಎರಡು ದೇಶಗಳು ಒಂದಾಗಿದ್ದವು. ತಮ್ಮ ಊರಿಗೂ ಅದು ಸಾಧ್ಯವಾಗಬೇಕು ಎಂಬುದು ಅವರ ಯೋಚನೆಯಾಗಿತ್ತು.

ಬ್ರಸೆಲ್ಸ್

ಒಕ್ಕೂಟದ ಶಾಂತಿಕಾರ್ಯದ ಆಡಳಿತ ನಡೆಯುವುದು ಬ್ರಸೆಲ್ಸ್‌ನಲ್ಲಿ, ಷೂಮನ್ ಹೆಸರಿನ ವೃತ್ತದ ಸುತ್ತಮುತ್ತ. ಒಂದು ಬದಿಗೆ ಐರೋಪ್ಯ ಆಯೋಗದ ಬೆರ್ಲೆಮೋಂಟ್ ಕಟ್ಟಡ. ಎದುರಿಗೆ ಸದಸ್ಯ ರಾಷ್ಟ್ರಗಳ ನಾಯಕರು ಸೇರುವ ‘ಯೂರೋಪಾ’ ಕಟ್ಟಡ. ‘ಯೂರೋಪಾ’ದ ಹೊರಮೈಯನ್ನು ಸದಸ್ಯ ರಾಷ್ಟ್ರಗಳ ಹಳೆಯ ಮನೆಗಳಿಂದ ತಂದ ಓಕ್ ಮರದ ಕಿಟಕಿ ಚೌಕಟ್ಟುಗಳಿಂದ ಹೊಂದಿಸಿದ್ದಾರೆ. ಒಂದರ ಅಳತೆ ಇನ್ನೊಂದಕ್ಕಿಲ್ಲ, ಒಂದರ ಬಣ್ಣ ಇನ್ನೊಂದಕ್ಕಿಲ್ಲ. ಆದರೂ ಗೋಡೆ ನಿಂತಿದೆ.

1990ರ ದಶಕದಲ್ಲಿ ಯುಗೊಸ್ಲಾವಿಯಾ ಒಡೆದು ಯುದ್ಧ ಹೊತ್ತಿಕೊಂಡಾಗ ಒಕ್ಕೂಟ ಅದನ್ನು ತಡೆಯಲಾಗದೆ ಕೈಚೆಲ್ಲಿತು. ತನ್ನ ಬಾಗಿಲಲ್ಲೇ ನಡೆದ ಹತ್ಯಾಕಾಂಡಗಳ ಮುಂದೆ ಮಾತುಕತೆಯೊಂದೇ ಸಾಲದೆಂಬ ಪಾಠ ಆಗ ಅದಕ್ಕೆ ಸಿಕ್ಕಿತು. 1998ರ ಡಿಸೆಂಬರ್‌ನಲ್ಲಿ ಫ್ರಾನ್ಸಿನ ಸಾನ್ ಮಾಲೋದಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ಒಕ್ಕೂಟಕ್ಕೆ ತನ್ನದೇ ರಕ್ಷಣಾ ಸಾಮರ್ಥ್ಯ ಬೇಕೆಂದು ಒಪ್ಪಿದವು. 2000ರಲ್ಲಿ ಪೋರ್ಚುಗಲ್‌ನ ಫೈರಾದಲ್ಲಿ ಸೇರಿದ ನಾಯಕರು ಪೊಲೀಸ್, ಕಾನೂನಿನ ಆಡಳಿತ, ನಾಗರಿಕ ಆಡಳಿತ, ನಾಗರಿಕ ರಕ್ಷಣೆ ಎಂಬ ನಾಲ್ಕು ಕ್ಷೇತ್ರಗಳಲ್ಲಿ ತರಬೇತಾದವರನ್ನು ಸಿದ್ಧವಿಡಲು ತೀರ್ಮಾನಿಸಿದರು. ಯುದ್ಧ ನಿಂತ ನಾಡಿನಲ್ಲಿ ಸೈನಿಕನಷ್ಟೇ ನ್ಯಾಯಾಧೀಶನೂ ಠಾಣಾಧಿಕಾರಿಯೂ ಬೇಕು ಎಂಬ ತಿಳಿವಳಿಕೆ ಇದರ ಹಿಂದಿತ್ತು. ಮೊದಲ ನಿಯೋಗ 2003ರ ಜನವರಿಯಲ್ಲಿ ಬೋಸ್ನಿಯಾಕ್ಕೆ ಹೋಯಿತು; ಅದು ಪೊಲೀಸ್ ನಿಯೋಗ. ಅದೇ ವರ್ಷ ಮ್ಯಾಸಿಡೋನಿಯಾಕ್ಕೂ ಕಾಂಗೋದ ಇಟೂರಿ ಸೀಮೆಗೂ ಸೈನಿಕ ಪಡೆಗಳು ಹೋದವು.

2009ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ಲಿಸ್ಬನ್ ಒಡಂಬಡಿಕೆ ಶಾಂತಿ ಕಾಪಾಡುವುದು, ಸಂಘರ್ಷ ತಡೆಯುವುದು, ಅಂತರರಾಷ್ಟ್ರೀಯ ಭದ್ರತೆ ಬಲಪಡಿಸುವುದನ್ನು ಒಕ್ಕೂಟದ ವಿದೇಶಾಂಗ ಗುರಿಗಳಲ್ಲಿ ಸೇರಿಸಿತು. ಅದರ ಬೆನ್ನಿಗೆ ಒಕ್ಕೂಟಕ್ಕೆ ತನ್ನದೇ ರಾಜತಾಂತ್ರಿಕ ಸೇವೆ ಬಂತು. ಆದರೆ ಗುರಿ ಬರೆದಷ್ಟು ಸುಲಭವಾಗಿ ತೀರ್ಮಾನ ಬರುವುದಿಲ್ಲ. ವಿದೇಶಾಂಗ ಮತ್ತು ರಕ್ಷಣೆಯ ವಿಷಯದಲ್ಲಿ ಮುಖ್ಯ ನಿರ್ಧಾರಕ್ಕೆ ಎಲ್ಲ ಸದಸ್ಯರ ಒಪ್ಪಿಗೆ ಬೇಕು. ಒಂದು ಚಿಕ್ಕ ರಾಷ್ಟ್ರ ಬೇಡವೆಂದರೂ ಕಡತ ನಿಲ್ಲುತ್ತದೆ. ಸೈನಿಕ ಕಾರ್ಯಾಚರಣೆಯ ಖರ್ಚನ್ನು ಒಕ್ಕೂಟದ ಬಜೆಟ್ಟಿನಿಂದ ಭರಿಸುವಂತಿಲ್ಲ ಎಂಬ ನಿಯಮವೂ ಇದೆ. ಹಾಗಾಗಿ 2021ರಲ್ಲಿ ಬಜೆಟ್ಟಿನ ಹೊರಗೆ ‘ಯುರೋಪಿಯನ್ ಪೀಸ್ ಫೆಸಿಲಿಟಿ’ ಎಂಬ ನಿಧಿ ಸ್ಥಾಪನೆಯಾಯಿತು. ಶುರುವಿನಲ್ಲಿ ಸುಮಾರು 500 ಕೋಟಿ ಯುರೊ ಮಿತಿಯಿದ್ದ ಈ ನಿಧಿ, 2022ರಲ್ಲಿ ರಷ್ಯಾ ಉಕ್ರೇನಿನ ಮೇಲೆ ಪೂರ್ಣ ಪ್ರಮಾಣದ ಆಕ್ರಮಣ ನಡೆಸಿದ ಮೇಲೆ ಬೆಳೆದು, 2024ರ ಹೊತ್ತಿಗೆ 1,700 ಕೋಟಿ ಯುರೊ ದಾಟಿತು. ಉಕ್ರೇನಿಗೆ ಹೋದ ಶಸ್ತ್ರಾಸ್ತ್ರಗಳ ಖರ್ಚಿನ ಒಂದು ಪಾಲು ಈ ನಿಧಿಯಿಂದಲೇ ಸಂದಿತು. ಆಕ್ರಮಣಕ್ಕೆ ಒಳಗಾದ ದೇಶಕ್ಕೆ ಆಯುಧ ಕೊಡುವುದೂ ಶಾಂತಿಯ ಕೆಲಸವೇ ಎಂಬ ಪ್ರಶ್ನೆಗೆ ಒಕ್ಕೂಟ ಹೌದೆಂದು ಉತ್ತರಿಸಿತು. ಈ ಉತ್ತರದ ಬಗ್ಗೆ ಅದರ ಒಳಗೇ ಇಂದಿಗೂ ಚರ್ಚೆ ನಿಂತಿಲ್ಲ.

ಡೆರಿ

ಉತ್ತರ ಐರ್ಲೆಂಡಿನ ಡೆರಿ ನಗರವನ್ನು ಫಾಯ್ಲ್ ನದಿ ಎರಡು ಭಾಗ ಮಾಡಿದೆ. ಪಶ್ಚಿಮ ದಂಡೆಯಲ್ಲಿ ಹೆಚ್ಚಿನವರು ಐರ್ಲೆಂಡಿನ ಜೊತೆ ಸೇರಬಯಸುವ ಕ್ಯಾಥೊಲಿಕರು. ಬ್ರಿಟನ್ನಿನ ಜೊತೆಗೇ ಉಳಿಯಬಯಸುವ ಪ್ರೊಟೆಸ್ಟೆಂಟರು ಸಂಘರ್ಷದ ವರ್ಷಗಳಲ್ಲಿ ದೊಡ್ಡ ಸಂಖ್ಯೆಯಲ್ಲಿ ಪೂರ್ವ ದಂಡೆಗೆ ಸರಿದರು. ಊರಿನ ಹೆಸರಿನಲ್ಲೂ ಒಮ್ಮತವಿಲ್ಲ. ಒಬ್ಬರಿಗೆ ಡೆರಿ, ಇನ್ನೊಬ್ಬರಿಗೆ ಲಂಡನ್‌ಡೆರಿ. 1972ರ ಜನವರಿ 30ರಂದು ಇಲ್ಲಿನ ಬಾಗ್‌ಸೈಡ್ ಬಡಾವಣೆಯಲ್ಲಿ ಬ್ರಿಟಿಷ್ ಸೈನಿಕರು ನಾಗರಿಕ ಹಕ್ಕುಗಳ ಮೆರವಣಿಗೆಯ ಮೇಲೆ ಗುಂಡು ಹಾರಿಸಿದಾಗ 13 ಮಂದಿ ಅಂದೇ ಸತ್ತರು.

1994ರಲ್ಲಿ ಎರಡೂ ಕಡೆಯ ಶಸ್ತ್ರಧಾರಿ ಗುಂಪುಗಳು ಕದನ ವಿರಾಮ ಸಾರಿದವು. ಆಗ ಉತ್ತರ ಐರ್ಲೆಂಡಿನಿಂದ ಐರೋಪ್ಯ ಸಂಸತ್ತಿನಲ್ಲಿದ್ದವರು ಮೂವರು: ಜಾನ್ ಹ್ಯೂಮ್, ಇಯಾನ್ ಪೇಸ್ಲಿ, ಜಿಮ್ ನಿಕೊಲ್ಸನ್. ಊರಿನಲ್ಲಿ ರಾಜಕೀಯವಾಗಿ ಬದ್ಧ ವಿರೋಧಿಗಳಾಗಿದ್ದ ಈ ಮೂವರೂ ಜೊತೆಯಾಗಿ ಆಯೋಗದ ಅಧ್ಯಕ್ಷ ಜಾಕ್ ಡೆಲೋರ್ ಅವರನ್ನು ಕಂಡು ನೆರವು ಕೇಳಿದರು. 1995ರಲ್ಲಿ ‘ಪೀಸ್’ ಹೆಸರಿನ ಕಾರ್ಯಕ್ರಮ ಆರಂಭವಾಯಿತು. ಅದರ ಹಣ ಹಂಚಿಕೆಯಲ್ಲೇ ಒಕ್ಕೂಟದ ವಿಧಾನ ಎದ್ದು ಕಾಣುತ್ತದೆ. ಪ್ರತಿ ಜಿಲ್ಲೆಯಲ್ಲೂ ರಚಿಸಿದ ಸಮಿತಿಯಲ್ಲಿ ಮೂರನೇ ಒಂದು ಪಾಲು ಚುನಾಯಿತ ಸದಸ್ಯರು, ಮೂರನೇ ಒಂದು ಪಾಲು ವ್ಯಾಪಾರಿಗಳು ಮತ್ತು ಕಾರ್ಮಿಕ ಸಂಘದವರು, ಉಳಿದವರು ಸ್ವಯಂಸೇವಾ ಸಂಸ್ಥೆಗಳವರು. ಹಿಂದೆ ಒಬ್ಬರ ಮುಖ ಒಬ್ಬರು ನೋಡದಿದ್ದವರು ಒಂದೇ ಮೇಜಿನ ಸುತ್ತ ಕೂತು ಅರ್ಜಿ ಓದಬೇಕಾಯಿತು. ಯಾವ ಕೇರಿಗೆ ಆಟದ ಮೈದಾನ, ಯಾವ ಮಹಿಳಾ ಸಂಘಕ್ಕೆ ತರಬೇತಿ ಎಂದು ವಾದಿಸುವಾಗ ಜಗಳವಿತ್ತು. ಆದರೆ ಆ ಜಗಳಕ್ಕೆ ನಡಾವಳಿ ಪುಸ್ತಕವಿತ್ತು, ಮುಂದಿನ ಸಭೆಯ ದಿನಾಂಕವೂ ಇತ್ತು.

1998ರ ಏಪ್ರಿಲ್ 10ರ ಗುಡ್ ಫ್ರೈಡೆ ಒಪ್ಪಂದದ ನಂತರ ಈ ಹಣವನ್ನು ನಿರ್ವಹಿಸಲು ಗಡಿಯ ಎರಡೂ ಬದಿಗೆ ಸೇರಿದ ವಿಶೇಷ ಸಂಸ್ಥೆಯೇ ಹುಟ್ಟಿಕೊಂಡಿತು. ‘ಪೀಸ್’ ಹಣದಲ್ಲಿ ಕಟ್ಟಿದವುಗಳಲ್ಲಿ ಹೆಸರಾದದ್ದು 2011ರ ಜೂನ್‌ನಲ್ಲಿ ತೆರೆದ ಪೀಸ್ ಬ್ರಿಜ್. ನಡೆಯುವವರಿಗೂ ಸೈಕಲ್ಲಿನವರಿಗೂ ಮಾತ್ರ ಮೀಸಲಾದ ಈ ಸೇತುವೆ ಹಾವಿನಂತೆ ಬಳುಕುತ್ತ ನದಿಯ ಮೇಲೆ ಹಾಯುತ್ತದೆ. ಒಂದು ತುದಿಯಲ್ಲಿ ಗಿಲ್ಡ್‌ಹಾಲ್ ಎಂಬ ಪುರಭವನ. ಇನ್ನೊಂದು ತುದಿಯಲ್ಲಿ ಎಬ್ರಿಂಗ್ಟನ್ ಚೌಕ. ಎಬ್ರಿಂಗ್ಟನ್ ಬಹುಕಾಲ ಬ್ರಿಟಿಷ್ ಸೈನ್ಯದ ನೆಲೆಯಾಗಿತ್ತು. ಊರಿನ ಅರ್ಧ ಜನ ಕಾಲಿಡಲಾಗದ ಜಾಗವಾಗಿತ್ತು. ಈಗ ಆ ಕವಾಯತು ಮೈದಾನದಲ್ಲಿ ಸಂಗೀತ ಕಛೇರಿ ನಡೆಯುತ್ತದೆ, ಮಕ್ಕಳು ಸೈಕಲ್ ಕಲಿಯುತ್ತಾರೆ.

ಬ್ರಿಟನ್ 2020ರಲ್ಲಿ ಒಕ್ಕೂಟ ತೊರೆದಾಗ ಈ ವ್ಯವಸ್ಥೆಗೆ ದೊಡ್ಡ ಪೆಟ್ಟು ಬೀಳುವ ಭಯವಿತ್ತು. ಐರ್ಲೆಂಡಿನ ಒಳಗಡಿಯಲ್ಲಿ ತಪಾಸಣೆ ಮತ್ತೆ ಬರಬಾರದೆಂಬ ವಿಷಯವೇ ಬ್ರೆಕ್ಸಿಟ್ ಮಾತುಕತೆಯ ಅತ್ಯಂತ ಜಟಿಲ ಗಂಟಾಯಿತು. ‘ಪೀಸ್’ ಕಾರ್ಯಕ್ರಮ ಮಾತ್ರ ನಿಲ್ಲಲಿಲ್ಲ. 2021–27ರ ಅವಧಿಗೆ ‘ಪೀಸ್‌ಪ್ಲಸ್’ ಹೆಸರಿನಲ್ಲಿ ಸುಮಾರು 114 ಕೋಟಿ ಯುರೊ ಯೋಜನೆಯಾಗಿ ಮುಂದುವರಿಯಿತು. ಬ್ರಿಟನ್ನೂ ಅದಕ್ಕೆ ಹಣ ಹಾಕಿತು. ಬೆಲ್‌ಫಾಸ್ಟ್‌ನಲ್ಲಿ ಎರಡು ಸಮುದಾಯಗಳ ಕೇರಿಗಳನ್ನು ಬೇರ್ಪಡಿಸುವ ಗೋಡೆಗಳು ಇನ್ನೂ ನಿಂತಿವೆ ಎಂಬುದೂ ನಿಜ. ಕಾಲು ಶತಮಾನದ ಹಣವೂ ಶ್ರಮವೂ ಗುಂಡಿನ ಸದ್ದನ್ನು ಅಡಗಿಸಿದ ರಾಜಕೀಯ ಒಪ್ಪಂದವನ್ನು ಊರೂರಿನಲ್ಲಿ ಬೇರೂರಿಸಿವೆ. ನೆರೆಯವರ ಮೇಲಿನ ಅಂಜಿಕೆಯನ್ನು ಪೂರ್ತಿ ಅಳಿಸಿಲ್ಲ.

ಮೋಸ್ಟರ್

ಬೋಸ್ನಿಯಾದ ಮೋಸ್ಟರ್ ನಗರದಲ್ಲಿ ಒಕ್ಕೂಟ ಹೆಚ್ಚು ಕಷ್ಟದ ಪಾಠ ಕಲಿಯಿತು. ನೆರೆಟ್ವಾ ನದಿಯ ಮೇಲೆ ಆಟೊಮನ್ನರ ಕಾಲದಲ್ಲಿ, 1566ರಲ್ಲಿ ಕಟ್ಟಿ ಮುಗಿಸಿದ ಹಳೆಯ ಕಮಾನು ಸೇತುವೆ 1993ರ ನವೆಂಬರ್ 9ರಂದು ಕ್ರೊಯೇಟ್ ಪಡೆಗಳ ಫಿರಂಗಿ ದಾಳಿಗೆ ಮುರಿದು ನೀರಿಗೆ ಬಿತ್ತು. ಪಶ್ಚಿಮದಲ್ಲಿ ಕ್ರೊಯೇಟರು, ಪೂರ್ವದಲ್ಲಿ ಬೋಸ್ನಿಯಾಕ್ ಮುಸ್ಲಿಮರು ಎಂದು ಊರು ಹೋಳಾಯಿತು. 1994ರ ಜುಲೈನಲ್ಲಿ ಐರೋಪ್ಯ ಒಕ್ಕೂಟ ಈ ನಗರದ ಆಡಳಿತವನ್ನೇ ಕೈಗೆತ್ತಿಕೊಂಡಿತು. ಜರ್ಮನಿಯ ಬ್ರೆಮೆನ್ ನಗರದ ಮೇಯರ್ ಆಗಿದ್ದ ಹಾನ್ಸ್ ಕೋಶ್ನಿಕ್ ಆಡಳಿತಾಧಿಕಾರಿಯಾಗಿ ಬಂದರು.

ನೀರು, ವಿದ್ಯುತ್, ಶಾಲೆ, ಆಸ್ಪತ್ರೆಗಳನ್ನು ಸರಿಪಡಿಸುವ ಕೆಲಸ ಬಿರುಸಿನಿಂದ ಸಾಗಿತು. ಊರನ್ನು ಒಂದು ಮಾಡುವ ಕೆಲಸ ಮಾತ್ರ ತಡವರಿಸಿತು. 1994ರ ಸೆಪ್ಟೆಂಬರ್‌ನಲ್ಲಿ ಕೋಶ್ನಿಕ್ ತಂಗಿದ್ದ ಹೋಟೆಲ್ ಕೋಣೆಗೆ ರಾಕೆಟ್ ದಾಳಿಯಾಯಿತು, ಅವರು ಬದುಕುಳಿದರು. 1996ರ ಫೆಬ್ರುವರಿಯಲ್ಲಿ ಊರಿನ ನಡುವಿನ ಜಂಟಿ ವಲಯದ ಗಡಿಯನ್ನು ಅವರು ಗುರುತಿಸಿದಾಗ ರೊಚ್ಚಿಗೆದ್ದ ಕ್ರೊಯೇಟರ ಗುಂಪು ಅವರ ಕಾರನ್ನು ಸುತ್ತುವರಿಯಿತು. ಅನಂತರ ಸದಸ್ಯ ರಾಷ್ಟ್ರಗಳು ಒತ್ತಡಕ್ಕೆ ಮಣಿದು ಆ ವಲಯವನ್ನು ಕುಗ್ಗಿಸಿದವು, ಕೋಶ್ನಿಕ್ ಹುದ್ದೆ ಬಿಟ್ಟರು. ಸ್ಥಳದಲ್ಲಿರುವ ಅಧಿಕಾರಿಯ ಬೆನ್ನಿಗೆ ರಾಜಧಾನಿಗಳು ಗಟ್ಟಿಯಾಗಿ ನಿಲ್ಲದಿದ್ದರೆ ಎಷ್ಟು ಹಣ ಸುರಿದರೂ ಹಟಮಾರಿಗಳೇ ಗೆಲ್ಲುತ್ತಾರೆ ಎಂಬುದನ್ನು ಮೋಸ್ಟರ್ ತೋರಿಸಿಕೊಟ್ಟಿತು.

ಹಳೆಯ ಸೇತುವೆಯನ್ನು ವಿಶ್ವಬ್ಯಾಂಕ್, ಯುನೆಸ್ಕೊ ಮತ್ತು ಹಲವು ದೇಶಗಳ ನೆರವಿನಿಂದ ಅದೇ ಬಗೆಯ ಸ್ಥಳೀಯ ಕಲ್ಲಿನಲ್ಲಿ ಮತ್ತೆ ಕಟ್ಟಿ 2004ರ ಜುಲೈನಲ್ಲಿ ತೆರೆದರು. ಪ್ರವಾಸಿಗರು ಅಲ್ಲಿ ನಿಂತು, ಊರಿನ ಯುವಕರು ನದಿಗೆ ಧುಮುಕುವುದನ್ನು ನೋಡುತ್ತಾರೆ. ಸೇತುವೆಯಿಂದ ಸ್ವಲ್ಪ ದೂರದಲ್ಲಿ, ಯುದ್ಧಕಾಲದಲ್ಲಿ ಎರಡು ಪಡೆಗಳು ಎದುರುಬದುರಾಗಿದ್ದ ರಸ್ತೆಯಲ್ಲೇ ಊರಿನ ಹಳೆಯ ಪ್ರೌಢಶಾಲೆಯಿದೆ. ಅಲ್ಲಿ ಕ್ರೊಯೇಟ್ ಮಕ್ಕಳು ಒಂದು ಪಠ್ಯಕ್ರಮ, ಬೋಸ್ನಿಯಾಕ್ ಮಕ್ಕಳು ಇನ್ನೊಂದು ಪಠ್ಯಕ್ರಮ ಓದುತ್ತಾರೆ. ಮಾಡು ಒಂದೇ, ಆಡಳಿತವೂ ಒಂದೇ, ಚರಿತ್ರೆಯ ಪಾಠ ಬೇರೆ ಬೇರೆ. ಚುನಾವಣಾ ನಿಯಮದ ಜಗಳದಿಂದಾಗಿ 2008ರಿಂದ 2020ರವರೆಗೆ ನಗರಸಭೆಗೆ ಚುನಾವಣೆಯೇ ನಡೆಯಲಿಲ್ಲ. 2004ರ ಡಿಸೆಂಬರ್‌ನಲ್ಲಿ ನೇಟೊದಿಂದ ಹೊಣೆ ವಹಿಸಿಕೊಂಡ ಒಕ್ಕೂಟದ ‘ಆಲ್ತಿಯಾ’ ಪಡೆ ಎರಡು ದಶಕ ಕಳೆದರೂ ಬೋಸ್ನಿಯಾದಲ್ಲೇ ಇದೆ. ಯುದ್ಧ ಮರುಕಳಿಸಿಲ್ಲ. ಒಕ್ಕೂಟದ ಸದಸ್ಯತ್ವದ ಆಸೆ ದೇಶವನ್ನು ಕಾನೂನಿನ ಹಾದಿಯಲ್ಲಿ ನಿಧಾನವಾಗಿ ಎಳೆಯುತ್ತಿದೆ. 2022ರ ಡಿಸೆಂಬರ್‌ನಲ್ಲಿ ಬೋಸ್ನಿಯಾ ಅಭ್ಯರ್ಥಿ ರಾಷ್ಟ್ರವಾಯಿತು.

ಮಿತ್ರೋವಿಸಾ

ಕೊಸೊವೊದ ಉತ್ತರದಲ್ಲಿ ಇಬಾರ್ ನದಿ ಹರಿಯುತ್ತದೆ. ಮಿತ್ರೋವಿಸಾ ನಗರದ ದಕ್ಷಿಣಕ್ಕೆ ಅಲ್ಬೇನಿಯನ್ನರು, ಉತ್ತರಕ್ಕೆ ಸರ್ಬರು. 2008ರ ಫೆಬ್ರುವರಿ 17ರಂದು ಕೊಸೊವೊ ಸ್ವಾತಂತ್ರ್ಯ ಘೋಷಿಸಿತು, ಸರ್ಬಿಯಾ ಒಪ್ಪಲಿಲ್ಲ. ಒಕ್ಕೂಟದೊಳಗೂ ಸ್ಪೇನ್, ಗ್ರೀಸ್, ರುಮೇನಿಯಾ, ಸ್ಲೊವಾಕಿಯಾ, ಸೈಪ್ರಸ್ ಇಂದಿಗೂ ಕೊಸೊವೊವನ್ನು ದೇಶವೆಂದು ಮನ್ನಿಸಿಲ್ಲ. ಆದರೂ ಒಕ್ಕೂಟ ತನ್ನ ಅತಿ ದೊಡ್ಡ ನಾಗರಿಕ ನಿಯೋಗವಾದ ‘ಯೂಲೆಕ್ಸ್’ ಅನ್ನು ಇಲ್ಲಿಗೇ ಕಳಿಸಿತು. ನ್ಯಾಯಾಧೀಶರು, ಪ್ರಾಸಿಕ್ಯೂಟರುಗಳು, ಪೊಲೀಸ್ ಅಧಿಕಾರಿಗಳು, ಸುಂಕದ ಅಧಿಕಾರಿಗಳು ಬಂದು ನೆಲೆಸಿದರು. ದೇಶದ ಸ್ಥಾನಮಾನದ ಬಗ್ಗೆ ಒಮ್ಮತವಿಲ್ಲದೆ ಅದರ ನ್ಯಾಯಾಲಯ ನಡೆಸುವುದು ಹೇಗೆಂಬ ತೊಡಕು ಮೊದಲ ದಿನದಿಂದಲೇ ಈ ನಿಯೋಗವನ್ನು ಕಾಡಿತು.

2013ರ ಏಪ್ರಿಲ್ 19ರಂದು ಒಕ್ಕೂಟದ ವಿದೇಶಾಂಗ ಮುಖ್ಯಸ್ಥೆ ಕ್ಯಾಥರಿನ್ ಆಶ್ಟನ್ ಅವರ ಮಧ್ಯಸ್ಥಿಕೆಯಲ್ಲಿ ಸರ್ಬಿಯಾ ಮತ್ತು ಕೊಸೊವೊದ ಪ್ರಧಾನಿಗಳು ಬ್ರಸೆಲ್ಸ್ ಒಪ್ಪಂದಕ್ಕೆ ಬಂದರು. ಇಬ್ಬರನ್ನೂ ಮೇಜಿಗೆ ಎಳೆತಂದ ಶಕ್ತಿ ಒಕ್ಕೂಟದ ಸದಸ್ಯತ್ವದ ನಿರೀಕ್ಷೆ. ಉತ್ತರದ ಪೊಲೀಸರು ಕೊಸೊವೊದ ವ್ಯವಸ್ಥೆಯೊಳಗೆ ಬಂದರು. ಒಪ್ಪಂದದಲ್ಲಿ ಹೇಳಿದ ಸರ್ಬ್ ಪುರಸಭೆಗಳ ಸಂಘ ಮಾತ್ರ ಹತ್ತು ವರ್ಷ ಕಳೆದರೂ ರಚನೆಯಾಗಲಿಲ್ಲ. ಮಿತ್ರೋವಿಸಾದ ಮುಖ್ಯ ಸೇತುವೆಯ ಕತೆ ಈ ಸ್ಥಿತಿಗೆ ಸಾಕ್ಷಿ. 2011ರಲ್ಲಿ ಸರ್ಬರು ಅದರ ಮೇಲೆ ಮಣ್ಣು ಸುರಿದು ಅಡ್ಡಗಟ್ಟಿದರು. 2014ರ ಜೂನ್‌ನಲ್ಲಿ ಆ ಮಣ್ಣು ತೆಗೆದ ದಿನವೇ ಹೂಕುಂಡಗಳನ್ನಿಟ್ಟು, ಗಿಡ ನೆಟ್ಟು, ‘ಶಾಂತಿ ಉದ್ಯಾನ’ ಎಂದು ಹೆಸರಿಟ್ಟು ದಾರಿಯನ್ನು ಮತ್ತೆ ಮುಚ್ಚಿದರು. ಒಕ್ಕೂಟದ ಹಣದಲ್ಲಿ ಸೇತುವೆಯ ನವೀಕರಣ 2016ರಲ್ಲಿ ಶುರುವಾಯಿತು. ಕಾಮಗಾರಿ ಮುಗಿದ ವರ್ಷಗಳ ನಂತರವೂ ಅದರ ಮೇಲೆ ವಾಹನ ಓಡಲಿಲ್ಲ. ನಡೆದು ಹೋಗುವವರಷ್ಟೇ ದಾಟುತ್ತಿದ್ದರು, ಇಟಲಿಯ ಶಾಂತಿಪಾಲಕರು ಕಾವಲಿದ್ದರು.

ನಿಕೋಸಿಯಾ

ನಿಕೋಸಿಯಾ ರಾಜಧಾನಿಯಾಗಿರುವ ಸೈಪ್ರಸ್ ದ್ವೀಪದಲ್ಲಿ ಒಕ್ಕೂಟದ ಲೆಕ್ಕಾಚಾರ ತಪ್ಪಿತು. ಇಲ್ಲಿನ ಶಾಂತಿಪಾಲನೆಯ ಚರಿತ್ರೆಯಲ್ಲಿ ಕರ್ನಾಟಕದ ಒಂದು ದೊಡ್ಡ ಹೆಸರಿದೆ. ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ಕೆ. ಎಸ್. ತಿಮ್ಮಯ್ಯ 1964ರಲ್ಲಿ ವಿಶ್ವಸಂಸ್ಥೆಯ ಸೈಪ್ರಸ್ ಪಡೆಯ ದಂಡನಾಯಕರಾದರು. ಗ್ರೀಕ್ ಮತ್ತು ತುರ್ಕಿ ಸೈಪ್ರಿಯಟರ ನಡುವೆ ಕದನ ಹತ್ತಿಕ್ಕುವ ಆ ಕೆಲಸದಲ್ಲಿದ್ದಾಗಲೇ 1965ರ ಡಿಸೆಂಬರ್‌ನಲ್ಲಿ ದ್ವೀಪದಲ್ಲೇ ತೀರಿಕೊಂಡರು. ಮರುವರ್ಷ ಸೈಪ್ರಸ್ ಅವರ ನೆನಪಿಗೆ ಅಂಚೆ ಚೀಟಿ ಹೊರಡಿಸಿತು. ಕೊರಿಯಾದಲ್ಲಿ ಯುದ್ಧಕೈದಿಗಳ ವಿಷಯ ನಿಭಾಯಿಸಿ ಬಂದಿದ್ದ ತಿಮ್ಮಯ್ಯನವರ ಬಗ್ಗೆ ಎರಡೂ ಸಮುದಾಯಗಳಿಗೆ ಗೌರವವಿತ್ತು.

1974ರಲ್ಲಿ ಗ್ರೀಸಿನ ಸೇನಾಡಳಿತದ ಬೆಂಬಲದಿಂದ ನಡೆದ ಕ್ಷಿಪ್ರಕ್ರಾಂತಿ, ಅದರ ಬೆನ್ನಿಗೆ ತುರ್ಕಿಯ ಸೈನ್ಯದ ಆಗಮನ, ಇವೆರಡರಿಂದ ದ್ವೀಪ ಎರಡಾಯಿತು. ಸುಮಾರು 180 ಕಿಲೋಮೀಟರ್ ಉದ್ದದ ನಡುವಲಯವನ್ನು ವಿಶ್ವಸಂಸ್ಥೆ ಕಾಯುತ್ತಿದೆ. 2004ರ ಏಪ್ರಿಲ್ 24ರಂದು ಪುನರೇಕೀಕರಣ ಯೋಜನೆಯನ್ನು ಜನಮತಕ್ಕೆ ಹಾಕಿದಾಗ ತುರ್ಕಿ ಸೈಪ್ರಿಯಟರಲ್ಲಿ ಶೇ 65ರಷ್ಟು ಮಂದಿ ಒಪ್ಪಿದರು, ಗ್ರೀಕ್ ಸೈಪ್ರಿಯಟರಲ್ಲಿ ಶೇ 76ರಷ್ಟು ಮಂದಿ ತಿರಸ್ಕರಿಸಿದರು. ಅದಾಗಿ ಒಂದೇ ವಾರಕ್ಕೆ, ಮೇ 1ರಂದು ಸೈಪ್ರಸ್ ಒಕ್ಕೂಟದ ಸದಸ್ಯನಾಯಿತು. ಸದಸ್ಯತ್ವವನ್ನು ಒಪ್ಪಂದಕ್ಕೆ ಮೊದಲೇ ಖಾತ್ರಿಪಡಿಸಿದ್ದರಿಂದ ಗ್ರೀಕ್ ಸೈಪ್ರಿಯಟರ ಮನವೊಲಿಸಲು ಒಕ್ಕೂಟದ ಕೈಯಲ್ಲಿ ಏನೂ ಉಳಿದಿರಲಿಲ್ಲ. ಮಧ್ಯಸ್ಥನಾಗಬಹುದಾಗಿದ್ದ ಒಕ್ಕೂಟ ತಾನೇ ವಿವಾದದ ಒಂದು ಕಡೆಯಾಯಿತು.

ಆ ಮೇಲೆ ಒಕ್ಕೂಟ ಹಿಡಿದದ್ದು ಸಣ್ಣ ಕೆಲಸಗಳ ದಾರಿ: ನಡುವಲಯದಾಚೆಯ ವ್ಯಾಪಾರಕ್ಕೆ ನಿಯಮಾವಳಿ, ಹಳೆಯ ಚರ್ಚು ಮಸೀದಿಗಳ ದುರಸ್ತಿ, ದ್ವೀಪದ ಹೆಮ್ಮೆಯ ಹಲ್ಲೂಮಿ ಚೀಸ್‌ಗೆ 2021ರಲ್ಲಿ ಗ್ರೀಕ್, ತುರ್ಕಿ ಎರಡೂ ಹೆಸರಿನಲ್ಲಿ ಭೌಗೋಳಿಕ ಮಾನ್ಯತೆ. ಎಲ್ಲಕ್ಕಿಂತ ಮನ ಕಲಕುವುದು ಕಾಣೆಯಾದವರ ಸಮಿತಿಯ ಕೆಲಸ. 1963–64 ಮತ್ತು 1974ರ ಹಿಂಸೆಯಲ್ಲಿ ಕಾಣೆಯಾದ 2,002 ಮಂದಿಯ ಪಟ್ಟಿ ಈ ಸಮಿತಿಯ ಬಳಿಯಿದೆ. ಅದಕ್ಕೆ ಅತಿ ಹೆಚ್ಚು ಹಣ ಕೊಡುವುದು ಐರೋಪ್ಯ ಒಕ್ಕೂಟ. ನಡುವಲಯದ ಪ್ರಯೋಗಾಲಯದಲ್ಲಿ ಎರಡೂ ಸಮುದಾಯದ ತಜ್ಞರು ಒಟ್ಟಿಗೆ ಕೂತು, ಹೊಲ ಬಾವಿಗಳಿಂದ ಅಗೆದು ತಂದ ಮೂಳೆಗಳನ್ನು ಉದ್ದನೆಯ ಮೇಜಿನ ಮೇಲೆ ಒಂದೊಂದಾಗಿ ಜೋಡಿಸುತ್ತಾರೆ. ಡಿಎನ್‌ಎ ತಾಳೆಯಾದ ಮೇಲೆ ಮನೆಯವರನ್ನು ಕರೆಸಿ ಒಪ್ಪಿಸುತ್ತಾರೆ. ಸಾವಿರಕ್ಕೂ ಹೆಚ್ಚು ಮಂದಿಯ ಗುರುತು ಹೀಗೆ ಸಿಕ್ಕಿದೆ. ರಾಜಕೀಯ ಪರಿಹಾರ ದೂರವಿದ್ದರೂ ಅಷ್ಟು ಮನೆಗಳು ತಮ್ಮವರಿಗೆ ಕೊನೆಯ ಸಂಸ್ಕಾರ ಮಾಡಿವೆ.

ಎರ್ಗ್ನೇತಿ

ಸದಸ್ಯತ್ವದ ಬಾಗಿಲಿನಿಂದ ದೂರ ಸರಿದಷ್ಟೂ ಒಕ್ಕೂಟದ ಹಿಡಿತ ಸಡಿಲವಾಗುತ್ತದೆ. 2008ರ ಆಗಸ್ಟ್‌ನಲ್ಲಿ ಜಾರ್ಜಿಯಾ ಮತ್ತು ರಷ್ಯಾದ ನಡುವೆ ಐದು ದಿನಗಳ ಯುದ್ಧ ನಡೆದಾಗ ಫ್ರಾನ್ಸಿನ ಅಧ್ಯಕ್ಷ ಸಾರ್ಕೋಜಿ ಒಕ್ಕೂಟದ ಪರವಾಗಿ ಆರು ಅಂಶಗಳ ಕದನ ವಿರಾಮ ಕುದುರಿಸಿದರು. ಅಕ್ಟೋಬರ್ 1ಕ್ಕೆ ಇನ್ನೂರಕ್ಕೂ ಹೆಚ್ಚು ನಿರಾಯುಧ ವೀಕ್ಷಕರು ಜಾರ್ಜಿಯಾಕ್ಕೆ ಬಂದರು. ಜಾರ್ಜಿಯಾದಿಂದ ಬೇರ್ಪಟ್ಟು ನಿಂತ ಅಬ್ಖಾಜಿಯಾ, ದಕ್ಷಿಣ ಒಸೇಷಿಯಾಗಳೊಳಗೆ ಅವರಿಗೆ ಇಂದಿಗೂ ಪ್ರವೇಶವಿಲ್ಲ. ಹಳ್ಳಿಗಳ ಹೊಲ, ತೋಟಗಳ ನಡುವೆ ಎದ್ದ ತಂತಿಬೇಲಿಯ ಈಚೆ ಬದಿಯಲ್ಲಿ ಗಸ್ತು ತಿರುಗುವುದು, ದನ ಅಟ್ಟಿಕೊಂಡು ಹೋಗಿ ಸೆರೆಸಿಕ್ಕ ರೈತನ ಬಿಡುಗಡೆಗೆ ಹಾಟ್‌ಲೈನ್‌ನಲ್ಲಿ ಮಾತಾಡುವುದು, ಎರ್ಗ್ನೇತಿ ಎಂಬ ಹಳ್ಳಿಯ ಗಡಿಸಭೆಗಳಲ್ಲಿ ಎರಡೂ ಕಡೆಯವರನ್ನು ಕೂರಿಸುವುದು ಅವರ ಕೆಲಸ. ವಿವಾದ ಇದರಿಂದ ಬಗೆಹರಿಯದು, ಸಣ್ಣ ಘಟನೆ ದೊಡ್ಡದಾಗದಂತೆ ತಡೆಯಬಹುದು. ಬೇಲಿ ಪಕ್ಕದ ಹಳ್ಳಿಗನಿಗೆ ಅದೂ ಸಣ್ಣ ಸಂಗತಿಯಲ್ಲ.

ಬಂದಾ ಅಚೆ

ಇಂಡೊನೇಷ್ಯಾದ ಸುಮಾತ್ರಾ ದ್ವೀಪದ ಉತ್ತರ ತುದಿಯ ಅಚೆ ಪ್ರಾಂತ್ಯ ಐರೋಪ್ಯ ಒಕ್ಕೂಟದಿಂದ ಬಹುದೂರ. ಅಲ್ಲಿ ಒಕ್ಕೂಟಕ್ಕೆ ಸದಸ್ಯತ್ವದ ಆಮಿಷ ತೋರುವಂತಿರಲಿಲ್ಲ. ಆದರೂ ಅದರ ಅತ್ಯಂತ ಯಶಸ್ವಿ ನಿಯೋಗಗಳಲ್ಲಿ ಒಂದು ನಡೆದದ್ದು ಅಲ್ಲೇ. 1976ರಿಂದ ಸ್ವತಂತ್ರ ಅಚೆಗಾಗಿ ಹೋರಾಡುತ್ತಿದ್ದ ‘ಗಾಮ್’ ಬಂಡುಕೋರರಿಗೂ ಸರ್ಕಾರಕ್ಕೂ ನಡೆದ ಕಾಳಗದಲ್ಲಿ ಸಾವಿರಾರು ಮಂದಿ ಸತ್ತಿದ್ದರು. 2004ರ ಡಿಸೆಂಬರ್ 26ರ ಸುನಾಮಿ ಪ್ರಾಂತ್ಯವನ್ನು ನೆಲಸಮ ಮಾಡಿತು. ಆ ದುರಂತದ ನಡುವೆ ಫಿನ್ಲೆಂಡಿನ ಮಾಜಿ ಅಧ್ಯಕ್ಷ ಮಾರ್ಟಿ ಆಹ್ತಿಸಾರಿ ನಡೆಸಿದ ಸಂಧಾನ 2005ರ ಆಗಸ್ಟ್ 15ರಂದು ಹೆಲ್ಸಿಂಕಿಯಲ್ಲಿ ಒಪ್ಪಂದವಾಗಿ ಮುಗಿಯಿತು. ಗಾಮ್ ಸ್ವಾತಂತ್ರ್ಯದ ಬೇಡಿಕೆ ಬಿಟ್ಟಿತು. ಸರ್ಕಾರ ವಿಶಾಲ ಸ್ವಾಯತ್ತತೆಗೂ ಸ್ಥಳೀಯ ಪಕ್ಷಗಳಿಗೂ ಒಪ್ಪಿತು.

ಉಸ್ತುವಾರಿಯನ್ನು ಐರೋಪ್ಯ ಒಕ್ಕೂಟ ಒಂಟಿಯಾಗಿ ವಹಿಸಿಕೊಳ್ಳಲಿಲ್ಲ. ಆಗ್ನೇಯ ಏಷ್ಯಾದ ಒಕ್ಕೂಟವಾದ ಆಸಿಯಾನ್‌ನ ಐದು ದೇಶಗಳಾದ ಬ್ರೂನೈ, ಮಲೇಷ್ಯಾ, ಫಿಲಿಪ್ಪೀನ್ಸ್, ಸಿಂಗಪುರ, ಥಾಯ್ಲೆಂಡ್ ಜೊತೆಗೂಡಿದವು. ನಾರ್ವೆ, ಸ್ವಿಟ್ಜರ್ಲೆಂಡ್ ಕೂಡ ಸೇರಿದವು. ಒಬ್ಬರ ಒಳವಿಷಯದಲ್ಲಿ ಇನ್ನೊಬ್ಬರು ತಲೆಹಾಕಬಾರದೆಂಬ ನಿಯಮ ಪಾಲಿಸುವ ಆಸಿಯಾನ್‌ಗೆ ಇದು ಅಪರೂಪದ ಹೆಜ್ಜೆ. ನೆದರ್ಲೆಂಡ್ಸ್‌ನ ಪೀಟರ್ ಫೇತ್ ನಾಯಕತ್ವದ ನಿರಾಯುಧ ವೀಕ್ಷಕರ ತಂಡಗಳಲ್ಲಿ ಯುರೋಪಿನವರೂ ಆಗ್ನೇಯ ಏಷ್ಯಾದವರೂ ಒಟ್ಟಿಗಿದ್ದರು. ನೆಲದ ಭಾಷೆ, ನಡೆನುಡಿ ಬಲ್ಲವರ ಜೊತೆಯಿದ್ದುದರಿಂದ ಹಳ್ಳಿಗಳಲ್ಲಿ ವಿಶ್ವಾಸ ಗಳಿಸುವುದು ಸುಲಭವಾಯಿತು.

2005ರ ಸೆಪ್ಟೆಂಬರ್ 15ರಂದು ಬಂದಾ ಅಚೆಯ ಬ್ಲಾಂಗ್ ಪದಾಂಗ್ ಮೈದಾನದಲ್ಲಿ, ಜನರ ಕಣ್ಣೆದುರೇ, ಬಂಡುಕೋರರು ಒಪ್ಪಿಸಿದ ಬಂದೂಕುಗಳನ್ನು ಗರಗಸದ ಯಂತ್ರದಲ್ಲಿ ತುಂಡರಿಸಲು ಶುರುಮಾಡಿದರು. ಗಾಮ್ ಒಟ್ಟು 840 ಆಯುಧ ಒಪ್ಪಿಸಬೇಕಿತ್ತು. ಪ್ರತಿ ಕಂತಿಗೆ ಸರಿಸಮನಾಗಿ ಹೊರಗಿನಿಂದ ಬಂದಿದ್ದ ಸರ್ಕಾರಿ ಸೈನಿಕರು ಪ್ರಾಂತ್ಯ ತೊರೆಯಬೇಕಿತ್ತು. ಕೆಲಸಕ್ಕೆ ಬಾರದ ಆಯುಧಗಳನ್ನು ವೀಕ್ಷಕರು ಲೆಕ್ಕಕ್ಕೆ ಹಿಡಿಯಲಿಲ್ಲ. ನಾಲ್ಕು ಕಂತುಗಳಲ್ಲಿ, ಅದೇ ವರ್ಷದ ಡಿಸೆಂಬರ್ ಮುಗಿಯುವ ಮುನ್ನ ಎರಡೂ ಕೆಲಸ ಪೂರೈಸಿದವು. 2006ರ ಡಿಸೆಂಬರ್ 11ರ ಚುನಾವಣೆಯಲ್ಲಿ ಗಾಮ್‌ನ ಇರ್ವಾಂಡಿ ಯೂಸುಫ್ ಪ್ರಾಂತ್ಯದ ಗವರ್ನರ್ ಆಗಿ ಗೆದ್ದರು. ಡಿಸೆಂಬರ್ 15ಕ್ಕೆ ನಿಯೋಗ ಗಂಟುಮೂಟೆ ಕಟ್ಟಿತು. ಹಿಂದಿನ ದೌರ್ಜನ್ಯಗಳ ವಿಚಾರಣೆ ಮಾತ್ರ ಹಿಂದೆ ಬಿತ್ತು. ಸತ್ಯಶೋಧನಾ ಆಯೋಗ ಕೆಲಸಕ್ಕೆ ಇಳಿಯಲು ಒಪ್ಪಂದದ ನಂತರ ಹತ್ತು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ನೊಂದ ಮನೆಗಳಿಗೆ ಅಷ್ಟೂ ವರ್ಷ ಉತ್ತರ ಸಿಗಲಿಲ್ಲ.

ಅಡಿಸ್ ಅಬಾಬಾ

ಶಾಂತಿಕಾರ್ಯದಲ್ಲಿ ತೊಡಗಿದ ಇನ್ನೊಂದು ದೊಡ್ಡ ಒಕ್ಕೂಟ ಆಫ್ರಿಕನ್ ಒಕ್ಕೂಟ. ಇಥಿಯೋಪಿಯಾದ ರಾಜಧಾನಿ ಅಡಿಸ್ ಅಬಾಬಾದಲ್ಲಿರುವ ಅದರ ಕೇಂದ್ರ ಕಚೇರಿ, ಹಿಂದೆ ಅಲೆಮ್ ಬೆಕಾಗ್ನ್ ಎಂಬ ಸೆರೆಮನೆಯಿದ್ದ ಜಾಗದಲ್ಲಿ ಎದ್ದಿದೆ. ಇಟಲಿಯ ಆಕ್ರಮಣದ ಕಾಲದಲ್ಲೂ ಮೆಂಗಿಸ್ಟು ಆಡಳಿತದ ‘ಕೆಂಪು ಭಯ’ದ ವರ್ಷಗಳಲ್ಲೂ ಸಾವಿರಾರು ಜನ ಅಲ್ಲಿ ನರಳಿದರು. 2002ರಲ್ಲಿ ಡರ್ಬನ್‌ನಲ್ಲಿ ಉದ್ಘಾಟನೆಯಾದ ಈ ಒಕ್ಕೂಟ ತನ್ನ ಸಂಸ್ಥಾಪನಾ ವಿಧಿಯಲ್ಲೇ ಧೈರ್ಯದ ಮಾತೊಂದನ್ನು ಬರೆದುಕೊಂಡಿದೆ: ಯುದ್ಧಾಪರಾಧ, ನರಮೇಧ, ಮಾನವತೆಯ ವಿರುದ್ಧದ ಅಪರಾಧ ನಡೆದರೆ ಸದಸ್ಯ ರಾಷ್ಟ್ರದೊಳಗೆ ಮಧ್ಯಪ್ರವೇಶಿಸುವ ಹಕ್ಕು ಒಕ್ಕೂಟಕ್ಕಿದೆ. ರುವಾಂಡಾದಲ್ಲಿ 1994ರಲ್ಲಿ ಜಗತ್ತು ಕೈಕಟ್ಟಿ ನಿಂತದ್ದರ ನೋವು ಆ ಸಾಲಿನ ಹಿಂದಿದೆ.

ಹಕ್ಕು ಇದೆ, ಹಣವಿಲ್ಲ. 2007ರಲ್ಲಿ ಸೊಮಾಲಿಯಾಕ್ಕೆ ಹೋದ ಆಫ್ರಿಕನ್ ಪಡೆಯಲ್ಲಿ ಉಗಾಂಡಾ, ಬುರುಂಡಿ ಮುಂತಾದ ದೇಶಗಳ ಸೈನಿಕರು ಪ್ರಾಣ ಪಣಕ್ಕಿಟ್ಟರು. ಅವರ ಭತ್ಯೆಯ ದೊಡ್ಡ ಪಾಲು ಐರೋಪ್ಯ ಒಕ್ಕೂಟದ ನಿಧಿಯಿಂದ ಬಂತು. 2016ರಲ್ಲಿ ಯುರೋಪ್ ಆ ನೆರವನ್ನು ಶೇ 20ರಷ್ಟು ಕಡಿತ ಮಾಡಿದಾಗ ಪಡೆಯ ಭವಿಷ್ಯವೇ ಅಲ್ಲಾಡಿತು. ಒಬ್ಬರು ಹಣ ಕೊಟ್ಟು ಇನ್ನೊಬ್ಬರು ಹೆಣ ಹೊರುವ ಈ ಏರ್ಪಾಟು ನ್ಯಾಯವಲ್ಲ ಎಂಬ ಆಫ್ರಿಕದ ದೂರಿನಲ್ಲಿ ಹುರುಳಿದೆ. ಆಫ್ರಿಕನ್ ಒಕ್ಕೂಟದ ಕಾರ್ಯಾಚರಣೆಗಳಿಗೆ ವಿಶ್ವಸಂಸ್ಥೆಯ ಬಜೆಟ್ಟಿನಿಂದ ಶೇ 75ರವರೆಗೆ ಹಣ ಕೊಡಲು ದಾರಿ ಮಾಡಿದ 2023ರ ಡಿಸೆಂಬರ್‌ನ ಭದ್ರತಾ ಮಂಡಳಿ ನಿರ್ಣಯ ಈ ದೂರಿಗೆ ತಡವಾಗಿ ಬಂದ ಮನ್ನಣೆ. ಇಥಿಯೋಪಿಯಾದ ಟಿಗ್ರೆ ಯುದ್ಧ ನಿಲ್ಲಿಸಿದ 2022ರ ನವೆಂಬರ್ 2ರ ಪ್ರಿಟೋರಿಯಾ ಒಪ್ಪಂದಕ್ಕೆ ಆಫ್ರಿಕನ್ ಒಕ್ಕೂಟವೇ ಮಧ್ಯಸ್ಥಿಕೆ ವಹಿಸಿತು.

ಬೆಂಗಳೂರು

ದಕ್ಷಿಣ ಏಷ್ಯಾದ ಸಾರ್ಕ್ ಬೇರೆ ದಾರಿ ಹಿಡಿಯಿತು. 1985ರಲ್ಲಿ ಢಾಕಾದಲ್ಲಿ ಹುಟ್ಟಿದ ಈ ಸಂಘಟನೆಯ ಸನ್ನದು ದ್ವಿಪಕ್ಷೀಯ ಹಾಗೂ ವಿವಾದಾಸ್ಪದ ವಿಷಯಗಳನ್ನು ಚರ್ಚೆಯಿಂದಲೇ ಹೊರಗಿಟ್ಟಿತು. ಅದರ ಎರಡನೇ ಶೃಂಗಸಭೆ 1986ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಸೇರಿ, ಕಾಠ್ಮಂಡುವಿನಲ್ಲಿ ಕಾರ್ಯಾಲಯ ತೆರೆಯಲು ಒಪ್ಪಿತು. ಅದೇ ದಿನಗಳಲ್ಲಿ, ಅದೇ ನಗರದಲ್ಲಿ ಶ್ರೀಲಂಕಾದ ತಮಿಳರ ಪ್ರಶ್ನೆಯ ಬಗ್ಗೆ ರಾಜೀವ್ ಗಾಂಧಿ ಮತ್ತು ಜಯವರ್ಧನೆ ಮಾತಾಡಿದರು. ಎಲ್‌ಟಿಟಿಇಯ ಪ್ರಭಾಕರನ್ ಅವರನ್ನೂ ಮಾತುಕತೆಗಾಗಿ ಬೆಂಗಳೂರಿಗೆ ಕರೆತಂದಿದ್ದರು. ಆ ಭಾಗದ ಅತ್ಯಂತ ಸುಡುವ ಪ್ರಶ್ನೆ ಸಭಾಂಗಣದ ಹೊರಗೆ ಚರ್ಚೆಯಾಯಿತು, ಒಳಗೆ ಅದಕ್ಕೆ ಜಾಗವಿರಲಿಲ್ಲ. 2014ರ ಕಾಠ್ಮಂಡು ಸಭೆಯ ನಂತರ ಭಾರತ, ಪಾಕಿಸ್ತಾನಗಳ ಜಗಳದಿಂದಾಗಿ ಶೃಂಗಸಭೆಯೇ ನಡೆದಿಲ್ಲ. ಜಗಳದ ವಿಷಯವನ್ನು ಮುಟ್ಟದೆ ಸ್ನೇಹ ಬೆಳೆಸಲು ಹೊರಟ ಸಂಘಟನೆಯನ್ನು ಕೊನೆಗೆ ಆ ಜಗಳವೇ ನಿಲ್ಲಿಸಿತು.

ಇಷ್ಟು ಊರುಗಳ ಅನುಭವವನ್ನು ಒಟ್ಟಿಗೆ ಇಟ್ಟು ನೋಡಿದರೆ ಕೆಲವು ಮಾತು ಸ್ಪಷ್ಟವಾಗುತ್ತವೆ. ಜಗಳವಾಡುವವರು ತಾವೇ ಒಂದು ರಾಜಕೀಯ ಒಪ್ಪಂದಕ್ಕೆ ಬಂದಲ್ಲಿ ಒಕ್ಕೂಟದ ಹಣ, ನಿಯಮ, ತಾಳ್ಮೆ ಫಲ ಕೊಡುತ್ತವೆ. ಡೆರಿ ಮತ್ತು ಅಚೆ ಅದಕ್ಕೆ ನಿದರ್ಶನ. ಮೂಲ ಪ್ರಶ್ನೆ ಇತ್ಯರ್ಥವಾಗದೆ ಉಳಿದಲ್ಲಿ, ಮಿತ್ರೋವಿಸಾ ಮತ್ತು ಎರ್ಗ್ನೇತಿಯಂತೆ, ಒಕ್ಕೂಟ ಹಿಂಸೆಯನ್ನು ತಡೆಹಿಡಿದು ಸಮಯ ಗಳಿಸಿಕೊಡಬಲ್ಲದು. ಸದಸ್ಯತ್ವದ ಭರವಸೆ ಪ್ರಬಲ ಸಾಧನ, ಆದರೆ ಒಪ್ಪಂದಕ್ಕೆ ಮೊದಲೇ ಕೊಟ್ಟುಬಿಟ್ಟರೆ ಕೈತಪ್ಪುವ ಸಾಧನ ಎಂಬುದು ಸೈಪ್ರಸ್ ಕಲಿಸಿದ ಪಾಠ. ನೆರೆಯ ಒಕ್ಕೂಟಗಳ ಜೊತೆ ಸಮನಾಗಿ ಕೂಡಿದಾಗ ದೂರದ ನೆಲದಲ್ಲೂ ವಿಶ್ವಾಸ ಸಿಗುತ್ತದೆ. ಹಣ ಒಬ್ಬರದು, ಅಪಾಯ ಇನ್ನೊಬ್ಬರದು ಎಂದಾದಾಗ ಆ ವಿಶ್ವಾಸ ಸವೆಯುತ್ತದೆ. ಆರು ದೇಶಗಳು ಕಲ್ಲಿದ್ದಲು, ಉಕ್ಕಿನ ಲೆಕ್ಕವನ್ನು ಒಟ್ಟಿಗೆ ಬರೆಯಲು ಒಪ್ಪಿದ್ದು ತಮ್ಮ ವಿವಾದದ ನಡುಭಾಗವನ್ನೇ ಮೇಜಿಗೆ ತಂದಿಟ್ಟುದರಿಂದ. ಶಾಂತಿ ಬಯಸುವ ಯಾವ ಒಕ್ಕೂಟವೂ ಆ ಕೆಲಸವನ್ನು ತಪ್ಪಿಸಿಕೊಳ್ಳಲಾಗದು.